ಇಟಲಿಯ ಅಜ್ಜಿಗೆ ತೋರಿಸಲು ನಾನು ರೋಗಿಯಾದದ್ದು

ಪುಟ್ಟಿ, ಗುಂಡಣ್ಣ, ನಿಮ್ಮ ಅವ್ವ ಇಟಲಿಗೆ ಹೋದದ್ದು ಹೇಗೆ ಎಂದು ಯಾರು ಕೇಳಿದರೂ ನೀವು "ವೀಸಾ ಮೇಡಂ ಕಳಿಸಿದ್ರು" ಎನ್ನುತ್ತೀರಿ. ಮೊನ್ನೆ ಅಂಗಡಿಯಾಕೆಗೂ ಹಾಗೇ ಹೇಳಿದಿರಿ. ನಾನು ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ, ಬಾಯಿ ಬಿಡಲಿಲ್ಲ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ದೇವಸಮುದ್ರದ ಶಾಲೆಯಲ್ಲಿ ಮೇಷ್ಟ್ರು ಎದ್ದು ಪಾಠ ಓದು ಎಂದರೆ ಎದ್ದು ನಿಂತು ಅಳುತ್ತಿದ್ದವಳು ನಾನು. ಬರೆಯುವುದಕ್ಕೆ ಮಾತ್ರ ಹೆದರಿಕೆ ಇಲ್ಲ, ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲ. ಮೇಡಂ ಕಳಿಸಿದ್ದು ನಿಜ. ಆದರೆ ನಡುವೆ ಒಂದು ದಿನ ಎಲ್ಲವೂ ನಿಂತು ಹೋಗುವುದಿತ್ತು. ಆ ದಿನ ನಿಮ್ಮಿಬ್ಬರಿಗೂ ಆಟದ ಮೇಲೆ ಗಮನ.

ನಿಮ್ಮ ಅವ್ವ ಚಳ್ಳಕೆರೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. ಹಾಸಿಗೆ ಹಿಡಿದವರನ್ನು ಒರೆಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು. ಬೆಳಿಗ್ಗೆ ಮೊಳಕಾಲ್ಮೂರಿನಲ್ಲಿ ಬಸ್ಸು ಹತ್ತಿದರೆ ಹಾನಗಲ್, ತಳಕು ದಾಟಿ ಚಳ್ಳಕೆರೆ. ಸಂಜೆ ಅದೇ ದಾರಿಯಲ್ಲಿ ನಿಂತುಕೊಂಡೇ ವಾಪಸ್ಸು. ನಿಮ್ಮ ಅಪ್ಪ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವವನು, ಮನೆಗೆ ನೆಂಟನ ಹಾಗೆ ಬರುತ್ತಿದ್ದ. ನಿಮ್ಮ ತಾತ ತೀರಿಕೊಂಡ ಮೇಲೆ ನಮ್ಮ ಮಗ್ಗ ನಿಂತಿತ್ತು. ನಾನು ಪಕ್ಕದ ಮನೆಯವರ ಸೀರೆಗೆ ರಾಟೆಯಲ್ಲಿ ರೇಷ್ಮೆ ಸುತ್ತಿಕೊಡುತ್ತಿದ್ದೆ.

ಸೊಸೆಯೂ ನಾನೂ ಎಂದೂ ಜಗಳವಾಡಿದವರಲ್ಲ. ಹಾಗೆಂದು ಕೂತು ಮಾತಾಡಿದವರೂ ಅಲ್ಲ. ಅವಳು ಸಂಜೆ ಬಂದು ಚಪ್ಪಲಿ ಬಿಟ್ಟರೆ ನಾನು ನೀರು ಕೊಡುತ್ತಿದ್ದೆ. ಅವಳು ಕುಡಿದು, "ಹುಡುಗ್ರು ಉಂಡವಾ ಅತ್ತಮ್ಮ?" ಎನ್ನುತ್ತಿದ್ದಳು. ಅಷ್ಟೇ. ನನ್ನ ಮಂಡಿ ನೋವಿಗೆ ಎಣ್ಣೆ ತಂದು ಗೋಡೆಯ ಗೂಡಿನಲ್ಲಿಟ್ಟವಳು ಅವಳೇ. ಹಚ್ಚು ಎಂದು ನಾನು ಕೇಳಲಿಲ್ಲ. ಹಗಲೆಲ್ಲ ಯಾರ್ಯಾರದೋ ಕಾಲು ತಿಕ್ಕಿ ಬಂದವಳನ್ನು ಹೇಗೆ ಕೇಳುವುದು?

ಆಸ್ಪತ್ರೆಯಲ್ಲಿ ಯಾರೋ ವೀಸಾ ಮೇಡಂ ಬಗ್ಗೆ ಹೇಳಿದರು. ಮನೆಯ ಹಿರಿಯರನ್ನು ಕರೆದುಕೊಂಡು ಬಾ ಎಂದು ಆಕೆ ಹೇಳಿದ್ದಕ್ಕೆ ಒಂದು ಭಾನುವಾರ ನಾವೆಲ್ಲ ಹೋದೆವು. ಆಕೆಯ ಅಪ್ಪನ ಲಾರಿ ರಿಪೇರಿ ಶೆಡ್ಡಿನ ಮೇಲಿನ ಕೋಣೆಯೇ ಆಫೀಸು. ಕೆಳಗೆ ಅಪ್ಪ, ಅಣ್ಣಂದಿರು ಉರ್ದುವಿನಲ್ಲಿ ಕೂಗಾಡುತ್ತ ಸುತ್ತಿಗೆ ಬಡಿಯುತ್ತಿದ್ದರು. ಮೇಲೆ ಈಕೆ ತಲೆಯ ಮೇಲೆ ದುಪಟ್ಟಾ ಹೊದ್ದು, ಎರಡು ಫೋನು, ಒಂದು ಕಂಪ್ಯೂಟರು ಇಟ್ಟುಕೊಂಡು ಕೂತಿದ್ದರು. ನೋಡಲು ನನ್ನ ಸೊಸೆಯ ವಾರಿಗೆಯವರೇ.

"ಕುಂತ್ಕಳ್ರಿ ಅಮ್ಮಾ. ಇವ್ರು ಹೋಗೋದು ನಿಮ್ಗೆ ಒಪ್ಗೆನಾ? ಆಮ್ಯಾಲೆ ಮನೇಲಿ ಗಲಾಟೆ ಆದ್ರೆ ನನ್ ಹೆಸ್ರು ಕೆಡ್ತೈತೆ" ಎಂದರು.

ನಾನು ನೆಲ ನೋಡಿಕೊಂಡು ತಲೆಯಾಡಿಸಿದೆ.

"ಅಲ್ಲಿ ಒಬ್ಬ ಅಜ್ಜಿ ಅವ್ರೆ. ಒಂದು ಕಡೆ ಲಕ್ವಾ ಹೊಡ್ದೈತೆ. ಮಗಳು ಕೆಲ್ಸಕ್ಕೆ ಹೋಗ್ತಾಳೆ. ಇವ್ರು ಅವ್ರ ಮನೇಲೇ ಇದ್ದು ನೋಡ್ಕಬೇಕು. ಮೊದ್ಲು ಆ ಮನೆಯೋರು ಅಲ್ಲಿ ಸರ್ಕಾರದ ಹತ್ರ ಪರ್ಮಿಷನ್ ತಗೀಬೇಕು. ಅದು ಬಂದ ಮ್ಯಾಲೆ ನಾವು ವರ್ಕ್ ವೀಸಾಕ್ಕೆ ಹಾಕೋದು, ಬೆಂಗ್ಳೂರಿಗೆ ಹೋಗಿ ಬೆರಳು ಒತ್ತೋದು. ನಡುವೆ ಯಾರಾದ್ರೂ ಬಂದು ಟೂರಿಸ್ಟ್ ವೀಸಾದಾಗೆ ಬೇಗ ಕಳಿಸ್ತೀನಿ ಅಂದ್ರೆ ಬಾಗ್ಲು ಹಾಕ್ಕಳ್ರಿ. ಹಂಗೆ ಹೋದೋರು ಅಲ್ಲಿ ಕಳ್ರ ಥರ ಬದುಕ್ತಾವ್ರೆ."

ಕೆಲಸ ಬಲ್ಲ ಹೆಣ್ಣುಮಗಳು ಎಂದು ನನಗೆ ಆಗಲೇ ಗೊತ್ತಾಯಿತು. ಅದರಿಂದ ಹೊಟ್ಟೆಕಿಚ್ಚೇನೂ ಕಡಿಮೆಯಾಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮೇಡಂ ಹಂಗೆ ಅಂದ್ರು, ಮೇಡಂ ಹಿಂಗೆ ಅಂದ್ರು. ಮೇಡಂ ಉಗುರು ಕತ್ತರಿಸಿಕೊಳ್ಳಲು ಹೇಳಿದರು, ಕತ್ತರಿಸಿಕೊಂಡಳು. ಅದೇ ಮಾತನ್ನು ನಾನು ಮದುವೆಯಾದ ಹೊಸದರಲ್ಲಿ ಹೇಳಿದಾಗ ಮುಖ ಊದಿಸಿಕೊಂಡಿದ್ದಳು. ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿ ಆಕೆ ಕಳಿಸಿದ ಇಟಲಿ ಮಾತುಗಳನ್ನು ಕೇಳುತ್ತ ಬರುತ್ತಿದ್ದಳಂತೆ. ಮನೆಗೆ ಬಂದರೂ ಕಿವಿಯಲ್ಲಿ ಅದೇ. ನಾನು ನೀರು ಹಿಡಿದು ನಿಂತಿದ್ದರೂ ಕಾಣುತ್ತಿರಲಿಲ್ಲ.

ಇನ್ನೊಂದು ಭಾನುವಾರ ನಾವೆಲ್ಲ ಮತ್ತೆ ಆಫೀಸಿಗೆ ಹೋದಾಗ ಮೇಡಂ ಆ ಅಜ್ಜಿಯ ಫೋಟೋ ತೋರಿಸಿದರು. ಬಿಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿತ್ತು, ಕೊರಳಲ್ಲಿ ಕೆಂಪು ಮಣಿಸರ, ತುಟಿಗೆ ಬಣ್ಣ. ಹಿಂದೆ ಕಿಟಕಿಯಲ್ಲಿ ಹೂವಿನ ಕುಂಡ. ಈ ವಯಸ್ಸಿಗೆ ತುಟಿಗೆ ಬಣ್ಣವೇ ಎಂದುಕೊಂಡೆ. ನನಗಿಂತ ದೊಡ್ಡವಳು, ಆದರೂ ಮುಖದಲ್ಲಿ ಬಿಸಿಲು ತಾಗಿದ ಗುರುತೇ ಇಲ್ಲ. ಇವಳ ಕೂದಲು ಬಾಚಲು ನನ್ನ ಸೊಸೆ ಸಮುದ್ರ ದಾಟಿ ಹೋಗಬೇಕು.

ಆ ಮನೆಯವರು ಇನ್ನೊಂದು ಮಾತು ಕೇಳಿದ್ದರು. "ಸರ್ಟಿಫಿಕೇಟ್ ಎಲ್ರದ್ದೂ ಚಂದ ಇರ್ತಾವೆ, ಕೈ ಹೆಂಗೆ ಆಡ್ತೈತೆ ನೋಡ್ಬೇಕು ಅಂತಾರೆ. ಒಂದು ವಿಡಿಯೋ ಕಳಿಸ್ಬೇಕು" ಎಂದರು ಮೇಡಂ. "ಆಸ್ಪತ್ರೆ ರೋಗೀದು ತೆಗೆಯಂಗಿಲ್ಲ, ತಪ್ಪಾಗ್ತೈತೆ." ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮಾ, ನೀವೇ ಮಲಗ್ರಿ!"

ಆಫೀಸಿನ ಹಿಂದಿನ ಕೋಣೆಯಲ್ಲಿ ಮಂಚವಿತ್ತು. ಅಷ್ಟು ಜನರ ಮುಂದೆ ಮಲಗುವುದೇ? ನಾನು ಸೆರಗನ್ನು ಕಾಲಿನವರೆಗೂ ಎಳೆದುಕೊಂಡು ಕಟ್ಟಿಗೆಯ ಹಾಗೆ ಬಿದ್ದುಕೊಂಡೆ. ಸೊಸೆ ಬಗ್ಗಿ ನನ್ನ ಬೆನ್ನ ಕೆಳಗೆ ಕೈ ತೂರಿಸಿದ ಕೂಡಲೇ ನಾನೇ ಎದ್ದು ಕೂತೆ.

"ಅರೆ ಅಮ್ಮಾ! ರೋಗಿನೇ ಎದ್ದು ಕುಂತ್ರೆ ನೋಡ್ಕಳೋಕೆ ಆಳು ಯಾಕೆ? ಎಡಗೈ ಎಡಗಾಲು ಇಲ್ವೇ ಇಲ್ಲ ಅಂದ್ಕಳ್ರಿ."

ಮತ್ತೆ ಮಲಗಿದೆ, ಮತ್ತೆ ಎದ್ದೆ. ಬೇಕೆಂದು ಮಾಡಿದ್ದಲ್ಲ. ಬೇರೆಯವರ ಮೇಲೆ ಭಾರ ಬಿಡುವುದು ನನ್ನ ಮೈಗೆ ಗೊತ್ತಿರಲಿಲ್ಲ. "ಅಜ್ಜಿ ಔಟ್!" ಎಂದು ಗುಂಡಣ್ಣ ಚಪ್ಪಾಳೆ ತಟ್ಟಿದ. "ಲೇ, ಸುಮ್ಕಿರು" ಎಂದು ಗದರಿದ ನಿಮ್ಮವ್ವನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ನನ್ನ ಕಿವಿಯ ಹತ್ತಿರ ಬಗ್ಗಿ, "ಅತ್ತಮ್ಮ, ನನ್ ಮ್ಯಾಲೆ ಬಿಡ್ರಿ. ಬೀಳ್ಸಲ್ಲ" ಎಂದಳು.

ನಾನು ಕಣ್ಣು ಮುಚ್ಚಿಕೊಂಡು ಮೈಭಾರ ಬಿಟ್ಟೆ.

ಅವಳು ಎತ್ತಿದಳು. ಅವಳ ಭುಜದ ಮೇಲೆ ನನ್ನ ಗದ್ದ ಕೂತಿತ್ತು. "ಪಿಯಾನೋ, ಪಿಯಾನೋ, ಸಿನ್ಯೋರಾ" ಎನ್ನುತ್ತಿದ್ದಳು. ನಿಧಾನ, ನಿಧಾನ, ಅಮ್ಮಾ ಎಂದು ಅರ್ಥವಂತೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಮುಖ ಒರೆಸಿದಳು. ಕಾಲ್ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿದಳು. ಮಂಡಿಯ ಹತ್ತಿರ ಬಂದಾಗ ಕೈ ಒಂದು ಗಳಿಗೆ ನಿಂತಿತು. ಕೂದಲು ಬಿಚ್ಚಿ ಬಾಚಿದಳು. ನನ್ನವ್ವ ಹೋದ ಮೇಲೆ ನನ್ನ ತಲೆ ಯಾರೂ ಬಾಚಿರಲಿಲ್ಲ. ನನಗೆ ಸುಖವಾಯಿತು, ಸುಳ್ಳು ಯಾಕೆ ಹೇಳಲಿ. ಸುಖದ ಜೊತೆಗೇ ಹೊಟ್ಟೆಯೂ ಉರಿಯಿತು. ಅವಳು ಸಿನ್ಯೋರಾ ಎಂದದ್ದು ನನ್ನನ್ನಲ್ಲ. ಈ ನಿಧಾನ, ಈ ಬಿಸಿನೀರು, ಈ ಕೈ ಎಲ್ಲ ಆ ಕೆಂಪು ಮಣಿಯವಳದು. ನಾನು ಬರೀ ಅಳತೆಗೆ ಮಲಗಿದವಳು.

ಆಮೇಲೆ ನೀವಿಬ್ಬರೂ ಮನೆಯಲ್ಲಿ ನನ್ನನ್ನು "ಸಿನ್ಯೋರಾ, ಮುದ್ದೆ ಹಾಕು" ಎಂದು ಕರೆಯತೊಡಗಿದಿರಿ. ಪುಟ್ಟಿಗೆ ಒಮ್ಮೆ ಸೌಟು ತೋರಿಸಿದ್ದು ಅದಕ್ಕೇ. ಅವಳು ಅತ್ತಳು. ಯಾಕೆ ಸಿಟ್ಟು ಎಂದು ಅವಳಿಗೆ ಹೇಗೆ ತಿಳಿಯಬೇಕು? ರಾಟೆ ತಿರುಗಿಸುತ್ತ ಕೂತರೆ ನನಗೆ ಅದೇ ಯೋಚನೆ. ಆ ಕೆಂಪು ಮಣಿಯವಳ ಊರಲ್ಲಿ ಈಗ ಎಷ್ಟು ಹೊತ್ತಾಗಿರಬಹುದು, ಎದ್ದಿರಬಹುದೇ, ನನ್ನ ಸೊಸೆ ಹೋದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಅವಳ ಮುಖ ನೋಡುತ್ತಾಳಲ್ಲ. ಕಾಣದ ಊರಿನ ಕಾಲು ಆಡದ ಮುದುಕಿಯ ಮೇಲೆ ಮತ್ಸರಪಡುವ ಹೆಂಗಸು ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ವಿಡಿಯೋಗೆ ಉತ್ತರ ಬಂದಾಗ ಮೇಡಂ ಸಂಜೆ ಮನೆಗೇ ಫೋನ್ ಮಾಡಿದರು. ಸೊಸೆ ಸ್ಪೀಕರ್ ಹಾಕಿದಳು.

"ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಕೆಲ್ಸ ಭಾಳ ಇಷ್ಟ ಆಗೈತೆ. ಅಜ್ಜಿ ಮತ್ತೆ ಮತ್ತೆ ಹಾಕಿಸ್ಕಂಡು ನೋಡ್ತಾರಂತೆ. ಮಲಗಿರೋ ಆ ಹೆಂಗ್ಸು ಪುಣ್ಯವಂತೆ ಅಂದ್ರಂತೆ. ಅದು ಅತ್ತೆ ಅಂತ ನಾನೇ ಬರ್ದಿದ್ದೆ, ಆದ್ರೆ ಅತ್ತೆಗೆ ನಿಜವಾಗ್ಲೂ ಲಕ್ವಾ ಐತೆ ಅಂದ್ಕಂಡವ್ರೆ. ನನ್ ಥರಾನೇ ಬಿದ್ದಿರೋಳ ಹತ್ರದಿಂದ ಸೊಸೇನ ಕಿತ್ಕಳೋಕೆ ಆಗಲ್ಲ, ಬೇರೆ ಯಾರನ್ನಾದ್ರೂ ನೋಡು ಅಂತ ಮಗಳಿಗೆ ಹಟ ಹಿಡ್ದವ್ರೆ."

"ಅದು ನಾಟ್ಕ ಅಂತ ಹೇಳ್ರಿ ಮೇಡಂ!"

"ಹೇಳ್ದೆ. ಕೆಲ್ಸ ಸಿಗ್ಲಿ ಅಂತ ಈಗ ಸುಳ್ಳು ಹೇಳ್ತೀರಾ ಅಂದ್ರು. ನಾಡಿದ್ದು ಭಾನುವಾರ ಮಧ್ಯಾಹ್ನ ನಿಮ್ಮನೇಗೇ ವಿಡಿಯೋ ಕಾಲ್ ಮಾಡಿಸ್ತೀನಿ. ಅಮ್ಮನ್ನ ಮುಂದೆ ಕುಂಡ್ರಿಸು, ಮಾತಾಡಿಸ್ತಾರೆ. ಅವ್ರು ಒಪ್ಲಿಲ್ಲ ಅಂದ್ರೆ ಆ ಪರ್ಮಿಷನ್ನಿಗೆ ಅರ್ಜಿನೇ ಹಾಕಲ್ಲ. ಅದಿಲ್ದೆ ವೀಸಾ ಇಲ್ಲ."

ಸೊಸೆ ಫೋನ್ ಇಟ್ಟು ನನ್ನ ಕಡೆ ನೋಡಿದಳು. ನಾನು ಗೋಡೆಗೆ ಒರಗಿ ಸೆರಗಿನ ತುದಿ ಸುತ್ತುತ್ತಿದ್ದೆ. ಅವಳು ಬಲವಂತ ಮಾಡಿದ್ದರೆ ಚೆನ್ನಾಗಿತ್ತು, ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು, "ನಿಮ್ಗೆ ನಾಚ್ಕೆ ಆದ್ರೆ ಬ್ಯಾಡ ಬಿಡ್ರಿ ಅತ್ತಮ್ಮ. ಆಗೋದಿದ್ರೆ ಆಗ್ತೈತೆ" ಎಂದು ಒಳಗೆ ಹೋಗಿ ನಿಮ್ಮ ಯೂನಿಫಾರಂ ಒಗೆಯಲು ಕೂತಳು. ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದಿನಲ್ಲೇ ಅವಳಿಗೆ ಎಷ್ಟು ಆಸೆ ಇದೆಯೆಂದು ಗೊತ್ತಾಗುತ್ತಿತ್ತು.

ಭಾನುವಾರ ಫೋನನ್ನು ನಿಂತ ಮಗ್ಗದ ಕಂಬಕ್ಕೆ ಆನಿಸಿ ಸೊಸೆ ನಡುಮನೆಯಲ್ಲಿ ಕೂತಳು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ. ಅಲ್ಲಿಂದ ಫೋನಿನಲ್ಲಿ ಕೆಂಪು ಮಣಿಸರ ಕಾಣುತ್ತಿತ್ತು. ಅವಳ ಮಗಳು ಇಂಗ್ಲಿಷಿನಲ್ಲಿ ಹೇಳುವುದನ್ನು ಮೇಡಂ ಚಳ್ಳಕೆರೆಯಿಂದ ಕನ್ನಡ ಮಾಡುತ್ತಿದ್ದರು. "ಅತ್ತೆ ಎಲ್ಲಿ ಅಂತ ಕೇಳ್ತಾವ್ರೆ."

"ಒಳಗವ್ರೆ" ಎಂದಳು ಸೊಸೆ.

"ಮಲಗಿದಾರಾ ಅಂತಾರೆ."

ಸೊಸೆ ಸೆರಗು ಸರಿಮಾಡಿಕೊಂಡಳು. ನಾನು ಹೊರಗೆ ಬರದಿದ್ದರೆ ಸಾಕಾಗಿತ್ತು, ಮಕ್ಕಳೇ. ಒಂದು ಸಲ ನರಳಿದ್ದರೆ ಅವಳು ಇಲ್ಲೇ ಇರುತ್ತಿದ್ದಳು. ಸಂಜೆ ಚಪ್ಪಲಿ ಬಿಟ್ಟು ನೀರು ಕೇಳುತ್ತಿದ್ದಳು. ಆ ಯೋಚನೆ ಬಂತು, ಬಂದು ಕೂತೇಬಿಟ್ಟಿತು.

ಆಗ ಬೀದಿಯಲ್ಲಿ ಪಕ್ಕದ ಮನೆಯಾಕೆ "ನೀಳ್ಳು ವಚ್ಚಾಯಿ, ನಲ್ಲೀಲಿ ನೀರು ಬಂತು!" ಎಂದು ಕೂಗಿದಳು. ನಮ್ಮ ಬೀದಿಯಲ್ಲಿ ನೀರು ಬಂದರೆ ಮದುವೆ ಮನೆಯಿಂದಲೂ ಎದ್ದು ಬರುತ್ತಾರೆ. ನಾನು ಕೊಡ ತೆಗೆದುಕೊಂಡೆ. ಹಿತ್ತಲ ಬಾಗಿಲಿನಿಂದ ಹೋಗಬಹುದಿತ್ತು, ಮಡಿ ಬಟ್ಟೆಯವಳ ಹಾಗೆ ಯಾರ ಕಣ್ಣಿಗೂ ಬೀಳದೆ. ಬಾಗಿಲ ಮರೆಯಿಂದ ಸೊಸೆಯ ಬೆನ್ನು ಕಂಡಿತು. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದಳು. ನಾನು ನಡುಮನೆಯಿಂದಲೇ ಹೋದೆ. ಫೋನಿನ ಕಡೆ ನೋಡಲಿಲ್ಲ. ಹೋಗಿ, ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಮತ್ತೆ ಅವಳ ಬೆನ್ನ ಹಿಂದಿನಿಂದಲೇ ಬಂದೆ. ಮಂಡಿ ಚುಚ್ಚುತ್ತಿತ್ತು, ಕುಂಟಲಿಲ್ಲ. ಇನ್ನೊಂದು ಕೊಡಕ್ಕೂ ಹೋದೆ.

ಫೋನಿನಲ್ಲಿ ಯಾರೋ ಕಿರುಚಿದರು. ಆಮೇಲೆ ಮುದಿ ನಗು ಕೇಳಿಸಿತು, ಕೆಮ್ಮು ಬರುವಷ್ಟು ನಗು.

"ಅಮ್ಮಾ, ನಿಂತ್ಕಳ್ರಿ!" ಎಂದರು ಮೇಡಂ. "ಇಷ್ಟು ಗಟ್ಟಿ ಇದ್ದೋರು ಆವತ್ತು ಯಾಕೆ ಹಂಗೆ ಬಿದ್ಕಂಡಿದ್ರಿ ಅಂತ ಕೇಳ್ತಾರೆ."

ಕೊಡದ ನೀರು ನನ್ನ ಸೀರೆಯ ಮೇಲೆ ತುಳುಕುತ್ತಿತ್ತು. "ಅವಳು ಎತ್ತೋದು ಕಾಣ್ಲಿ ಅಂತ" ಎಂದೆ. ಅಷ್ಟನ್ನೇ ಹೇಳಿದ್ದು. ಮೇಡಂ ಅದನ್ನು ಹೇಳಿದ ಮೇಲೆ ಆ ಅಜ್ಜಿ ನಗು ನಿಲ್ಲಿಸಿದಳು. ಆಡುವ ಒಂದೇ ಕೈಯನ್ನು ಎತ್ತಿ ತನ್ನ ಎದೆಯ ಮೇಲಿಟ್ಟುಕೊಂಡು ನನಗೆ ತಲೆ ಬಾಗಿಸಿದಳು. ನನಗೆ ಇನ್ನೂ ಹೊಟ್ಟೆ ಉರಿಯಿತು. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ.

ಅರ್ಜಿ ಹಾಕಿದರು, ಪರ್ಮಿಷನ್ ಬಂತು, ಬೆಂಗಳೂರಿಗೆ ಹೋಗಿಬಂದಳು, ವೀಸಾ ಆಯಿತು. ಹೊರಡುವ ದಿನ ಬೆಳಿಗ್ಗೆ ಅವಳು ಗೂಡಿನಿಂದ ಎಣ್ಣೆ ತೆಗೆದು ನನ್ನ ಕಾಲ ಹತ್ತಿರ ಕೂತಳು. "ಆವತ್ತೇ ನೋಡ್ದೆ, ಮಂಡಿ ಊದಿತ್ತು. ಹೇಳೋಕೆ ಏನಾಗಿತ್ತು ನಿಮ್ಗೆ?" ಎಂದು ಬೈದಳು. ಬೈಯುತ್ತಲೇ ಪುಟ್ಟಿಯನ್ನು ಕರೆದು ಹೇಗೆ ಹಚ್ಚಬೇಕೆಂದು ತೋರಿಸಿದಳು. ಈಗ ಪುಟ್ಟಿ ಹಚ್ಚುತ್ತಾಳೆ, ಅರ್ಧ ಎಣ್ಣೆ ಚಾಪೆಗೆ.

ಈಗಲೂ ಅವಳು ವಿಡಿಯೋ ಕಾಲ್ ಮಾಡಿದಾಗ ನೀವು ಅವ್ವನ ಮುಖ ನೋಡುತ್ತೀರಿ. ನಾನು ಹಿಂದೆ ಕುರ್ಚಿಯಲ್ಲಿ ಕೂತವಳ ಕೂದಲು ನೋಡುತ್ತೇನೆ. ಪ್ರತಿ ಸಲವೂ ನೀಟಾಗಿ ಬಾಚಿರುತ್ತದೆ. ಕೆನ್ನೆ ತುಂಬಿಕೊಂಡಿದೆ. ಅವಳು ಕೈ ಬೀಸುತ್ತಾಳೆ, ನಾನೂ ಬೀಸುತ್ತೇನೆ, ಫೋನ್ ಇಟ್ಟ ಮೇಲೆ ಕನ್ನಡಿಯ ಮುಂದೆ ಹೋಗಿ ನನ್ನ ತಲೆ ನಾನೇ ಬಾಚಿಕೊಳ್ಳುತ್ತೇನೆ.

ಒಂದು ದಿನ ನಿಮ್ಮವ್ವ ನಿಮ್ಮನ್ನೂ ಕರೆಸಿಕೊಳ್ಳುತ್ತಾಳೆ. ಆಗ ಈ ಹಾಳೆಗಳನ್ನು ತಾತ ನೇಯ್ದ ನನ್ನ ಹಸಿರು ಸೀರೆಯ ಮಡಿಕೆಯಲ್ಲಿಟ್ಟು ಒಯ್ಯಿರಿ, ನೀರು ತಾಕಿಸಬೇಡಿ, ಹರಿಯಬೇಡಿ. ಅಲ್ಲಿ ಆ ಅಜ್ಜಿ ಇದೇನು ಎಂದು ಕೇಳಿದರೆ ಓದಿ ಹೇಳಬೇಡಿ. ಹೇಳಿದರೆ ಅವಳು ಮತ್ತೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ನಿಮ್ಮ ಹತ್ತಿರವೇ ಜೋಪಾನವಾಗಿರಲಿ.