ಉಜ್ಜಪ್ಪನ ಗಾಡಿ ನಮ್ಮೂರು ಬಿಟ್ಟದ್ದು

ಉಜ್ಜಪ್ಪನಿಗೆ ಮನೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು. ಅದಕ್ಕೆ ಎರಡು ಚಕ್ರ ಇದ್ದವು, ಅಷ್ಟೇ.

ಬಿದಿರು ತಟ್ಟಿಯನ್ನು ಬಗ್ಗಿಸಿ ಕಮಾನು ಕಟ್ಟಿದ ಎತ್ತಿನ ಗಾಡಿ. ಒಳಗೆ ಅವನು, ಅವನ ಹೆಂಡತಿ ಗುತ್ಯಮ್ಮ, ಎರಡು ಮಡಕೆ, ಒಂದು ರೊಟ್ಟಿ ಹಂಚು, ನನ್ನ ಅಂಗಡಿಯ ಇಪ್ಪತ್ತು ಕಂಬಳಿ. ಗಾಡಿಯ ಅಡಿಗೆ ನೇತುಬಿಟ್ಟ ಬುಟ್ಟಿಯಲ್ಲಿ ಮೂರು ಕೋಳಿ. ಮುಂದೆ ನೊಗ ಕಟ್ಟುವ ಮೂಕಿಯ ಬುಡದಲ್ಲಿ ಕೂತು ಎತ್ತುಗಳ ಬಾಲ ನೋಡುತ್ತಾ ಬರುವ ಒಂದು ಬೆಕ್ಕು. ಹಿಂದೆ ಹಗ್ಗಕ್ಕೆ ಕಟ್ಟಿದ, ಹಲ್ಲು ಉದುರಿದ ಮುದಿ ಕುರಿ. ಏರುದಾರಿ ಬಂದರೆ ಕುರಿಯನ್ನು ಎತ್ತಿ ಗಾಡಿಯೊಳಗೆ ಕೂರಿಸಬೇಕು, ಭಾರ ಕಡಿಮೆಯಾಗಲೆಂದು ಗುತ್ಯಮ್ಮ ಇಳಿದು ನಡೆಯಬೇಕು. ಈ ಲೆಕ್ಕದಲ್ಲಿ ತಪ್ಪೇನಿದೆ ಎಂದು ಗಂಡ ಹೆಂಡಿರಿಬ್ಬರಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ. ಇವರೆಲ್ಲರನ್ನೂ ಕಾಯ್ದುಕೊಂಡು ಒಮ್ಮೆ ಮುಂದೆ ಒಮ್ಮೆ ಹಿಂದೆ ಓಡುವ ನಾಯಿ ಹಂಡ. ಮೈಮೇಲೆ ಬಿಳಿ ಮಚ್ಚೆ ಇದ್ದುದರಿಂದ ಆ ಹೆಸರು.

ಮೊದಲು ಅವನೂ ಎಲ್ಲರಂತೆ ಗೋಡೆಯ ಮನೆಯಲ್ಲೇ ಇದ್ದವನು. ನೂರಿಪ್ಪತ್ತು ಕುರಿಯ ಮಂದೆ ಇತ್ತು. ಒಂದೇ ಮಳೆಗಾಲದಲ್ಲಿ ರೋಗ ಬಿದ್ದು ನೂರಾ ಹತ್ತೊಂಬತ್ತು ಹೋದವು. ಉಳಿದದ್ದು ಈ ಹಲ್ಲಿಲ್ಲದ್ದು. ಮನೆಯನ್ನು ಅಣ್ಣ ದೊಡ್ಡಬೀರಪ್ಪನಿಗೆ ಬಿಟ್ಟು, ಗಾಡಿಗೆ ಕಮಾನು ಕಟ್ಟಿಸಿಕೊಂಡು ಹೊರಟ. ಯಾಕಯ್ಯಾ ಎಂದು ನಾನು ಕೇಳಿದ್ದೆ.

"ಕುರಿ ಹಿಂದೆ ನಡೆದ ಕಾಲು ಸಾವ್ಕಾರ್ರೇ. ಮನಿಯಾಗೆ ಕುಂತ್ರೆ ಗೋಡೆ ಮುಂದೆ ಬಂದು ನಿಲ್ತದೆ" ಎಂದ.

ನನ್ನದು ಕಂಬಳಿ ವ್ಯಾಪಾರ. ನೇಯುವವರು ಶಿಕಾರಿಪುರದ ಕಡೆ, ನೆನೆಯುವವರು ಸೊರಬದ ಕಡೆ, ನಡುವೆ ಕೂತು ತಿನ್ನುವವನು ನಾನು. ಉಜ್ಜಪ್ಪ ನನ್ನ ಕಂಬಳಿ ಹೇರಿಕೊಂಡು ಕುಪ್ಪಗಡ್ಡೆ, ಚಂದ್ರಗುತ್ತಿ ಎಂದು ಸುತ್ತಿ, ಬರುವಾಗ ಸೀಗೆಕಾಯಿ, ಅಂಟುವಾಳ ತರುತ್ತಿದ್ದ. ಅವನು ಕಂಬಳಿ ಮಾರುವ ರೀತಿ ನನಗೆ ಹಿಡಿಸುತ್ತಿರಲಿಲ್ಲ. "ಹೋದ ವರ್ಷದ್ದೇ ಗಟ್ಟಿ ಐತಲ್ಲ, ಇನ್ನೊಂದು ಮಳೆ ತಡೀತದೆ ಬಿಡವ್ವ" ಎಂದು ಗಿರಾಕಿಗೆ ಇವನೇ ಹೇಳುವನು. ಆದರೂ ಮುಂದಿನ ವರ್ಷ ಆ ಮನೆಯವರು ಬೇರೆಯವರ ಹತ್ತಿರ ಕೊಳ್ಳುತ್ತಿರಲಿಲ್ಲ. ಹಾಗಾಗಿ ನಾನು ಗೊಣಗುತ್ತಲೇ ಕಂಬಳಿ ಕೊಡುತ್ತಿದ್ದೆ.

ಐವತ್ತೇಳರ ಚುನಾವಣೆಗೆ ಪಟ್ಟಿ ಬರೆಯಲು ಬಂದವರು ಅವನ ಮನೆ ನಂಬರು ಕೇಳಿದರು. "ಎತ್ತು ಬಿಚ್ಚಿದಲ್ಲೇ ನನ್ನ ಮನಿ, ಬರ್ಕಳ್ರಿ ಸ್ವಾಮಿ" ಎಂದ. ಬರೆಯುವವರು ಪೆನ್ಸಿಲ್ ಹಿಡಿದು ಆಕಾಶ ನೋಡಿದರು. ಕೊನೆಗೆ ನಾನೇ ನನ್ನ ಮನೆಯ ಹಿತ್ತಿಲು ಎಂದು ಬರೆಸಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಮಳೆ ಹಿಡಿದರೆ ಸೊರಬದ ಕಡೆಯ ದಾರಿಯಲ್ಲಿ ಗಾಡಿಯ ಚಕ್ರ ಅರ್ಧ ಹೂತುಹೋಗುತ್ತದೆ. ಆ ನಾಲ್ಕು ತಿಂಗಳು ಅವನ ಗಾಡಿ ನಿಲ್ಲುತ್ತಿದ್ದದ್ದು ನನ್ನ ಹಿತ್ತಿಲಿನ ಹುಲ್ಲಿನ ಚಪ್ಪರದ ಕೆಳಗೆ. ವರ್ಷದಲ್ಲಿ ಅವನು ಬೇರೆಯವರನ್ನು ಕೇಳಿ ಪಡೆಯುತ್ತಿದ್ದದ್ದು ಇದೊಂದೇ. ನನ್ನ ಹಿತ್ತಿಲಾದರೂ ಹೊರಗಿನವನು ಅಷ್ಟು ದಿನ ನಿಲ್ಲಲು ಊರಿನ ಒಪ್ಪಿಗೆ ಬೇಕು. ಪಟೇಲ ಮಲ್ಲೇಶಪ್ಪನವರು ಪ್ರತಿ ವರ್ಷ ತಲೆಯಾಡಿಸುತ್ತಿದ್ದರು.

ಐವತ್ತೆಂಟರ ಬೇಸಿಗೆ ಮುಗಿಯುವಾಗ ಊರ ದನಗಳಿಗೆ ಕಾಲುಬೇನೆ ಬಂತು. ಮಾರಿಗುಡಿಯ ಪೂಜಾರಿ ಹುಲಿಯಪ್ಪ ಮೂರು ಮಂಗಳವಾರ ಹೊರಬೀಡು ಆಗಬೇಕೆಂದ. ಹೊರಬೀಡೆಂದರೆ ಬೆಳಕು ಹರಿಯುವ ಮುಂಚೆ ಇಡೀ ಊರು ಮನೆ ಬಿಟ್ಟು, ದನಕರು, ಹೆಂಗಸರು ಮಕ್ಕಳ ಸಮೇತ ಹೊರಗೆ ಹೋಗಿಬಿಡಬೇಕು. ಊರಬಾಗಿಲಿಗೆ ಮುಳ್ಳು ಬೀಳುತ್ತದೆ. ಅಡಿಗೆ ಊಟ ಎಲ್ಲ ಹೊರಗೇ. ಖಾಲಿ ಬೀದಿಯಲ್ಲಿ ಅಮ್ಮ ಒಬ್ಬಳೇ ಓಡಾಡಿ ರೋಗವನ್ನು ಗುಡಿಸಿಕೊಂಡು ಹೋಗುತ್ತಾಳೆ. ಆ ಹೊತ್ತಿನಲ್ಲಿ ಒಳಗೆ ಒಂದು ಜೀವ ಉಸಿರಾಡಿದರೂ ಮೂರೂ ಮಂಗಳವಾರ ಹಾಳು, ಮೊದಲಿಂದ ಮಾಡಬೇಕು. ಸೋಮವಾರ ಸಂಜೆ ಕಟ್ಟೆಯ ಮೇಲೆ ನಿಂತು, "ಒಂದು ಇರುವೆನೂ ಉಳೀಬಾರ್ದು, ಬಿತ್ತನೆ ಎದುರಿಗೈತೆ" ಎಂದು ಎಲ್ಲರಿಗೂ ಬುದ್ಧಿ ಹೇಳಿದವನು ಯಾರು ಎಂದರೆ ನಾನೇ.

ಮೊದಲ ಎರಡು ವಾರ ಚೆನ್ನಾಗಿ ಕಳೆದವು. ಮೂರನೆಯ ವಾರಕ್ಕೆ ಉಜ್ಜಪ್ಪನ ಗಾಡಿಯೂ ಬಂದು ಕೆರೆ ಪಕ್ಕದ ಮಾವಿನ ತೋಪಿನಲ್ಲಿ ನಮ್ಮ ಜೊತೆಯೇ ನಿಂತಿತು. ಮಳೆ ಹತ್ತಿರ ಬಂದಿತ್ತು. ಬುಧವಾರ ನನ್ನ ಹಿತ್ತಿಲಿಗೆ ಬರುವುದೆಂದು ಮಾತಾಗಿತ್ತು.

"ನಮಗೆ ಮೂರು ದಿನ, ಉಜ್ಜಪ್ಪಂಗೆ ವರ್ಷಪೂರ್ತಿ ಹೊರಬೀಡು. ಇವನಷ್ಟು ಮಡಿ ಊರಾಗೆ ಯಾರೂ ಇಲ್ಲ" ಎಂದು ಪಟೇಲರು ನಗೆಯಾಡಿದರು.

"ಹೌದ್ರಿ ಗೌಡ್ರೇ. ಅದಕ್ಕೇ ನಿಮ್ಮ ಮನಿಯೋರು ಬೆಳಗ್ಗಿಂದ ಉಪ್ಪಿಗೆ ಒಂದ್ಸಲ, ಸೌಟಿಗೆ ಒಂದ್ಸಲ ನನ್ನ ಮಡಿ ಗಾಡಿಗೆ ಬಂದು ಹೋದ್ರು" ಎಂದಳು ಗುತ್ಯಮ್ಮ. ನಿಜವೇ. ಮನೆ ಇದ್ದವರು ಹೊರಗೆ ಬಂದರೆ ಒಂದಲ್ಲ ಒಂದು ಮರೆತು ಬಂದಿರುತ್ತಾರೆ.

ನಾನು ಮರೆತು ಬಂದದ್ದು ನಶ್ಯದ ಡಬ್ಬಿ.

ಬೆಳಗ್ಗೆಯಿಂದ ನೋಯುತ್ತಿದ್ದ ತಲೆ ಮಧ್ಯಾಹ್ನದ ಹೊತ್ತಿಗೆ ಬಿಗಿಯಾಗಿ ಹಿಡಿದುಕೊಂಡಿತು. ತೋಪಿನಲ್ಲಿ ನಶ್ಯ ಹಾಕುವವನು ಇನ್ನೊಬ್ಬನಿಲ್ಲ. ದೊಡ್ಡ ಪಾಪಗಳನ್ನು ಮಾಡುವವರಿಗೆ ದೊಡ್ಡ ಕಾರಣಗಳಾದರೂ ಇರುತ್ತವೆ; ನನ್ನದು ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ. ಊಟವಾಗಿ ಎಲ್ಲರೂ ಒರಗಿದಾಗ ಕೆರೆಯ ಕಡೆ ಹೋಗುವವನಂತೆ ಎದ್ದು, ಬೇಲಿ ಸಂದಿಯಿಂದ ಊರೊಳಗೆ ನುಗ್ಗಿದೆ. ಹಿಂದೆ ತಿರುಗಿದರೆ ಹಂಡ ಬರುತ್ತಿದೆ. ಅಂಗಡಿಯಲ್ಲಿ ನಾನು ಅದಕ್ಕೆ ಆಗಾಗ ಬೆಲ್ಲ ಹಾಕುತ್ತಿದ್ದೆ, ಆ ಸಲಿಗೆ. ಬೈಯುವ ಹಾಗಿಲ್ಲ, ಕಲ್ಲು ಹೊಡೆಯುವ ಹಾಗಿಲ್ಲ. ಅಂಗಡಿಯ ಮುಂದಿನ ಜಗಲಿ ತೋರಿಸಿ ಮೆಲ್ಲಗೆ "ಕೂರು" ಎಂದೆ. ಕೂತಿತು. ಬಳಸಿ ಹೋಗಿ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು, ಡಬ್ಬಿ ತೆಗೆದುಕೊಂಡು, ಮೂಗಿಗೆ ಏರಿಸುವಷ್ಟರಲ್ಲಿ ಊರಬಾಗಿಲ ಕಡೆ ಯಾರೋ ಕೆಮ್ಮಿದರು. ಹಿತ್ತಿಲಿನಿಂದಲೇ ಓಡಿದೆ. ಜಗಲಿಯ ನೆನಪು ಬಂದದ್ದು ತೋಪಿನಲ್ಲಿ ಬಂದು ಕೂತ ಮೇಲೆ. ಮತ್ತೆ ಹೋಗಲು ಧೈರ್ಯ ಸಾಲಲಿಲ್ಲ. ನಾಯಿ ತಾನೇ, ಬೇಸರವಾದರೆ ಬರುತ್ತದೆ ಎಂದುಕೊಂಡೆ.

ಕುರುಬರ ನಾಯಿ. ಕೂರು ಎಂದರೆ ಕೂತಿರುತ್ತದೆ.

ಹೊತ್ತು ಇಳಿಯುವಾಗ ಹುಲಿಯಪ್ಪ ಮುಳ್ಳು ಸರಿಸಿ, ನೀರು ಚಿಮುಕಿಸುತ್ತಾ ಮೊದಲು ಒಳಗೆ ನಡೆದ. ಹಿಂದೆ ಪಟೇಲರು, ಅವರ ಹಿಂದೆ ನಾನು, ನಮ್ಮ ಹಿಂದೆ ಊರು. ನನ್ನ ಅಂಗಡಿಯ ಜಗಲಿಯ ಮೇಲೆ, ಮಾರಿಯಮ್ಮನೇ ಕಾವಲಿಗೆ ನೇಮಿಸಿದಂತೆ, ಹಂಡ ನೆಟ್ಟಗೆ ಕೂತಿತ್ತು. ನನ್ನನ್ನು ನೋಡಿ ಬಾಲ ಬಡಿಯಿತು. ಏಳಲಿಲ್ಲ.

ಆಮೇಲೆ ಆದ ಗದ್ದಲ ಬರೆಯಲಾರೆ. ಮೂರು ವಾರದ ಕೆಲಸ ಹಾಳಾಗಿತ್ತು. ಮತ್ತೆ ಮೂರು ಮಂಗಳವಾರ, ಅದೂ ಬಿತ್ತನೆಯ ಹೊತ್ತಿನಲ್ಲಿ. ಉಜ್ಜಪ್ಪನನ್ನು ಕಟ್ಟೆಯ ಮುಂದೆ ನಿಲ್ಲಿಸಿದರು.

"ನಿನ್ನ ಸಂತೆನೆಲ್ಲ ಕಟ್ಟಿ ಹಾಕ್ಕೊಳ್ಳೋಕೆ ಆಗಲ್ವೇನೋ?" ಎಂದು ಪಟೇಲರು ಕೂಗಿದರು.

ಉಜ್ಜಪ್ಪ ನಿಧಾನವಾಗಿ ಹೇಳಿದ. "ಗೌಡ್ರೇ, ನಮ್ಮ ಹಂಡ ತಾನಾಗೇ ಊರೊಳಗೆ ಹೋಗಾದಿಲ್ಲ. ಹೋದ್ರೂ ಕೂರಾದಿಲ್ಲ. ಯಾರೋ ಕೂರು ಅಂದಾರೆ."

"ಯಾರಂದ್ರೂ ಕೂರ್ತದೇನು?"

"ಇಲ್ರಿ. ನಾನು ಅನಬೇಕು, ಇವಳು ಅನಬೇಕು..."

ಅಲ್ಲಿಗೆ ನಿಲ್ಲಿಸಿದ. ಮೂರನೆಯ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವನು ಸುಮ್ಮನೆ ಕಾಯುತ್ತಿದ್ದ. ಗಿರಾಕಿ ಮನಸ್ಸು ಮಾಡಲಿ ಎಂದು ಗಾಡಿಯ ಪಕ್ಕ ನಿಂತು ಕಾಯುವಂತೆ. ಬಾಯಿ ಬಿಡುವುದಕ್ಕೆ ನನಗೆ ಬೇಕಾದಷ್ಟು ಹೊತ್ತು ಸಿಕ್ಕಿತು. ಬಾಯಿ ಬಿಟ್ಟೆ ಕೂಡ.

"ನಾಯಿ ಬುದ್ಧಿ, ಯಾರು ಕಂಡೋರು" ಎಂದೆ.

ಉಜ್ಜಪ್ಪ ತಲೆ ತಗ್ಗಿಸಿದ. "ಆತು. ನಂದೇ ತಪ್ಪು ಅಂತ ತಿಳ್ಕಳ್ರಿ" ಎಂದ.

ತೀರ್ಮಾನ ಬೇಗ ಮುಗಿಯಿತು. ಆ ನಾಯಿ ಊರ ಗಡಿಯೊಳಗೆ ಇರಕೂಡದು. ನಾಯಿಯನ್ನು ಕಾಡಿಗೆ ಅಟ್ಟಿ ಬಂದರೆ ಗಾಡಿ ಎಂದಿನಂತೆ ಸಾವ್ಕಾರರ ಹಿತ್ತಿಲಿನಲ್ಲಿ ನಿಲ್ಲಬಹುದು. ಇಲ್ಲವಾದರೆ ಗಾಡಿಯೂ ಹೊರಗೆ.

ಉಜ್ಜಪ್ಪ ಹೆಂಡತಿಯ ಮುಖ ನೋಡಿದ. ಗುತ್ಯಮ್ಮ ಆಗಲೇ ಒಲೆಯ ಕಲ್ಲಿನ ಮೇಲಿದ್ದ ಹಂಚು ಎತ್ತಿಕೊಳ್ಳಲು ತೋಪಿನ ಕಡೆ ಹೆಜ್ಜೆ ಹಾಕುತ್ತಿದ್ದಳು. ಬೆಳಗಾಗುವಷ್ಟರಲ್ಲಿ ತೋಪು ಖಾಲಿ. ನನ್ನ ಇಪ್ಪತ್ತು ಕಂಬಳಿಗಳು ಮಡಿಸಿಟ್ಟಂತೆಯೇ ಅಂಗಡಿಯ ಜಗಲಿಯ ಮೇಲಿದ್ದವು.

ನಾಲ್ಕನೆಯ ದಿನ ಮಳೆ ಹಿಡಿಯಿತು.

ಮತ್ತೆ ಶುರುವಾದ ಹೊರಬೀಡಿನಲ್ಲಿ ಊರೆಲ್ಲ ಒದ್ದೆ ಸೌದೆ ಊದುತ್ತಾ ಉಜ್ಜಪ್ಪನನ್ನು ಬೈಯಿತು. ನನ್ನ ಹೆಂಡತಿ ರಾಜೇಶ್ವರಮ್ಮ ಮಾತ್ರ ಬೈಯಲಿಲ್ಲ. "ಅವತ್ತು ಬೆಳಗ್ಗೆಲ್ಲ ತಲೆನೋವು ಅಂತಿದ್ರಿ. ಮಧ್ಯಾಹ್ನ ಹೇಗೆ ಹೋಯ್ತು?" ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯದೆ ಅನ್ನ ಬಡಿಸಿದಳು. ಎರಡನೆಯ ಮಂಗಳವಾರ ನಾನು ಪಟೇಲರ ಮತ್ತು ಹುಲಿಯಪ್ಪನ ಮುಂದೆ ಹೋಗಿ, ಮಳೆಯಲ್ಲಿ ನಿಂತು, ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ, ದಂಡಕ್ಕೆ, ಬೇಕಾದರೆ ಊರು ಬಿಡುವುದಕ್ಕೂ ಮನಸ್ಸು ಗಟ್ಟಿಮಾಡಿಕೊಂಡು ಹೋಗಿದ್ದೆ.

ಪಟೇಲರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಶ್ಯಕ್ಕೇನ್ರೀ ಸಾವ್ಕಾರ್ರೇ! ಅಯ್ಯೋ ನಿಮ್ಮ ಮೂಗೇ!"

ಹುಲಿಯಪ್ಪನೂ ನಕ್ಕ. "ಅಮ್ಮಂಗೆ ಒಂದು ಕಾಯಿ ಒಡಿಸಿಬಿಡ್ರಿ, ಹೋಗ್ತದೆ. ಯಾರಿಗೂ ಹೇಳ್ಕೋಬ್ಯಾಡ್ರಿ."

"ಉಜ್ಜಪ್ಪನ್ನ ಊರು ಬಿಡ್ಸಿದ್ರಲ್ಲ?" ಎಂದೆ.

"ಬಂದ್ರೆ ಬರ್ಲಿ. ಯಾರು ಬ್ಯಾಡ ಅಂದ್ರು?" ಎಂದರು ಪಟೇಲರು.

ಒಂದೇ ತಪ್ಪು. ಗಾಡಿಯವನು ಮಾಡಿದರೆ ಗಡಿಯಾಚೆ; ಅಂಗಡಿಯವನು ಮಾಡಿದರೆ ಒಂದು ಕಾಯಿ, ಜೊತೆಗೆ ನಗೆ. ನಲವತ್ತು ವರ್ಷ ತಕ್ಕಡಿ ಹಿಡಿದವನು ನಾನು. ಅವತ್ತು ನನ್ನ ಕಡೆಯ ತಟ್ಟೆ ಎಷ್ಟು ಮೇಲಿದೆ ಎಂದು ಕಂಡಿತು. ಅಷ್ಟು ಮೇಲಿರುವುದು ಹಗುರವಾದದ್ದೇ. ಕಾಯಿ ಒಡೆಸಿದೆ. ನಾಚಿಕೆ ಇನ್ನಷ್ಟು ಗಟ್ಟಿಯಾಯಿತು.

ಮರುದಿನ ಬೆಳಿಗ್ಗೆ ಸೊರಬದ ಬಸ್ಸು ಹತ್ತಿದೆ. ಇಳಿದು ಕುಪ್ಪಗಡ್ಡೆಯ ದಾರಿಯಲ್ಲಿ ಕೇಳುತ್ತಾ ನಡೆದೆ. ಬೆಕ್ಕು, ಕೋಳಿ ಸಮೇತ ಬರುವ ಗಾಡಿಯನ್ನು ಯಾರೂ ಮರೆತಿರಲಿಲ್ಲ. ಮಳೆಗಾಲಕ್ಕೆ ಖಾಲಿ ಬಿದ್ದಿದ್ದ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಒಲೆಯ ಪಕ್ಕ ಗಾಡಿ ನಿಂತಿತ್ತು. ಮುಂದಿನ ಕಬ್ಬಿನ ಸುಗ್ಗಿಯವರೆಗೆ ಕಾವಲಿಗೆ ಇರು ಎಂದು ಅದರ ಯಜಮಾನ ಜಾಗ ಕೊಟ್ಟಿದ್ದನಂತೆ. ಅಲ್ಲಿಗೆ ಮುಟ್ಟುವ ಮುಂಚೆ ಎಂಟು ದಿನ ದಾರಿಯಲ್ಲೇ ನೆನೆದಿದ್ದರು. ಗಾಡಿಯ ಹಿಂದೆ ಹಗ್ಗ ಇತ್ತು. ಕುರಿ ಇರಲಿಲ್ಲ.

ನಾನು ಕೇಳದಿದ್ದರೂ ಉಜ್ಜಪ್ಪ ಹೇಳಿದ. "ಥಂಡಿಗೆ ತಡೀಲಿಲ್ಲ. ವಯಸ್ಸಾಗಿತ್ತು ಬಿಡ್ರಿ."

ಎಲ್ಲ ಹೇಳಿಕೊಂಡೆ. ಅವನು ಎತ್ತಿನ ಮೈ ಒರೆಸುತ್ತಲೇ ಕೇಳಿಸಿಕೊಂಡ.

"ಗೊತ್ತಿತ್ತು ಸಾವ್ಕಾರ್ರೇ. ಅವತ್ತೇ."

"ಮತ್ತೆ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂದ್ಕಂಡೆ."

ಒಲೆಯ ಹತ್ತಿರ ಕೂತಿದ್ದ ಗುತ್ಯಮ್ಮ ತಿರುಗಿ ನೋಡದೆ ಅಂದಳು. "ಕೂರು ಅಂದೋರು, ಏಳು ಅನ್ನಾದು ಮರ್ತ್ರು. ದೊಡ್ಡೋರಿಗೆ ಮರೆವು ಜಾಸ್ತಿ."

"ಊರವರು ಬಾ ಅಂದಿದ್ದಾರೆ. ಹಂಡನನ್ನೂ ಕರಕೊಂಡೇ ಬಾ" ಎಂದೆ.

ಉಜ್ಜಪ್ಪ ನಕ್ಕ. "ಬ್ಯಾಡ್ರಿ. ನಿಮ್ಮ ಹಿತ್ಲಾಗಿದ್ರೆ ನಾನು ನಿಮ್ಮ ಮುಖ ನೋಡ್ಬೇಕು, ನೀವು ನನ್ನ ಮುಖ ನೋಡ್ಬೇಕು. ನಾಲ್ಕು ತಿಂಗಳು ಭಾಳ ಆಗ್ತದೆ. ಇಲ್ಲೇ ಇರ್ತೀವಿ."

ವ್ಯಾಪಾರದಲ್ಲಿ ಬೇಡ ಎಂದವನನ್ನು ಬೇಕು ಎನ್ನಿಸುವ ಮಾತು ನನಗೆ ನೂರು ಬರುತ್ತವೆ. ಅಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಎದ್ದು ನಿಂತೆ. ಹೊರಗೆ ಮಳೆ ಬಡಿಯುತ್ತಿತ್ತು. ಆಗಲೇ ನಾವು ಮೂವರೂ ಗಮನಿಸಿದ್ದು: ಕಂಬಳಿ ಮಾರಿ ಮನೆ ಕಟ್ಟಿಸಿದ ನಾನು ಕಂಬಳಿ ಇಲ್ಲದೆ ಬಂದಿದ್ದೆ.

ಗುತ್ಯಮ್ಮ ಗಾಡಿಯೊಳಗಿಂದ ತಾನು ಹೊದೆಯುವ ಕಂಬಳಿ ತಂದಳು. ಕೊಪ್ಪೆ ಮಾಡಿ ನನ್ನ ತಲೆಯ ಮೇಲೆ ಹಾಕಿ, ನೀರು ಒಳಗೆ ಬರದಂತೆ ಅಂಚು ಸರಿಪಡಿಸಿದಳು.

"ನಾಳೆಯೇ ತಂದುಕೊಡ್ತೇನಮ್ಮ" ಎಂದೆ.

"ನೀವು ಬರಾದು ಬ್ಯಾಡ್ರಿ" ಎಂದಳು, ಮೆತ್ತಗೆ. "ಬಸ್ಸಿನೋರ ಕೈಯಾಗೆ ಕೊಟ್ಟು ಕಳ್ಸಿ."

ಒಣಗಿಸಿ, ಮಡಿಸಿ, ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದೆ.