ಕವುಚಿ ಮಲಗಿದವರ ವಾರಿಜಕ್ಕ

ಸೀವುಡ್ಸ್‌ನ ಒಂದು ಕಟ್ಟಡದ ಆರನೆಯ ಮಹಡಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತಾರಾನಾಥ ರಾಯರು ಎರಡು ದಿಂಬುಗಳ ಸಂದಿಯಲ್ಲಿ ಮುಖವಿಟ್ಟು ಕವುಚಿ ಮಲಗಿದ್ದಾರೆ. ನಿದ್ದೆಯಲ್ಲೇ ಅವರ ಒಂದು ಹೆಗಲು ಮೆಲ್ಲಗೆ ಮೇಲೇಳುತ್ತದೆ. ನೆಲದಲ್ಲಿ ಕುಳಿತ ವಾರಿಜಾ ಆ ಹೆಗಲಿಗೆ ಅಂಗೈ ಇಡುತ್ತಾರೆ.

"ರಾಯರೇ, ಮಗುಚಬೇಡಿ."

"ಎಷ್ಟು ದಿನ ಒಂದೇ ಬದಿ ಬೇಯಿಸ್ತಿ ಮಾರಾಯ್ತಿ? ದೋಸೆಯನ್ನಾದ್ರೂ ಮಗುಚಿ ಹಾಕ್ತಾರೆ."

"ನೀರುದೋಸೆ ಅಂತ ತಿಳ್ಕೊಳ್ಳಿ. ಅದನ್ನು ಮಗುಚ್ಲಿಕ್ಕಿಲ್ಲ."

ನಲವತ್ತು ವರ್ಷ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ರಾಯರು ಇದನ್ನು ಒಪ್ಪುತ್ತಾರೆ. ಹೆಗಲು ಕೆಳಗಿಳಿಯುತ್ತದೆ.

ಠಾಣೆ ಪಟ್ಟಣದ ಪಕ್ಕದ ಕಳವಾ ಎಂಬಲ್ಲಿ ವಾಸಿಸುವ ವಾರಿಜಾ ಮಾಡುವ ಕೆಲಸಕ್ಕೆ ಯಾವ ಭಾಷೆಯಲ್ಲೂ ಹೆಸರಿಲ್ಲ. ಕಣ್ಣಿನ ಹಿಂಬದಿಯ ಪರದೆ ಕಳಚಿ ಆಪರೇಷನ್ ಆದವರು ಕೆಲವು ದಿನ ಮುಖ ಕೆಳಗೆ ಮಾಡಿಯೇ ಇರಬೇಕಾಗುತ್ತದೆ. ಕಣ್ಣಿನೊಳಗೆ ತುಂಬಿಸಿದ ಎಣ್ಣೆ ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿಯಬೇಕು. ಎಚ್ಚರವಿದ್ದಾಗ ಎಲ್ಲರೂ ಶಿಸ್ತಿನವರು, ನಿದ್ದೆ ಬಂದರೆ ಎಲ್ಲರೂ ಮಗುಚುವವರು. ಹಾಗೆ ಮಗುಚದಂತೆ ಕಾಯುವುದು ವಾರಿಜಾರ ಕೆಲಸ.

ರಾಯರಿಗೆ ಇದು ಎರಡನೆಯ ಸಲ. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಉಳಿದಿರುವ ಬಲಗಣ್ಣಿನ ಮೊದಲ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಒಳಗೆ ಗಾಯದ ಪೊರೆ ಬೆಳೆಯಿತು.

"ಮೊಣಕಾಲಿನ ಗಾಯ ಮಾಯುವಾಗ ಚರ್ಮ ಬಿಗಿಯುವುದಿಲ್ವಾ, ಹಾಗೇ ಅಂತೆ," ಎನ್ನುತ್ತಾರೆ ಸೊಸೆ ಊರ್ಮಿಳಾ. "ಕಣ್ಣಿನೊಳಗೆ ಅದೇ ಪೊರೆ ಬಿಗಿದು ಪರದೆಯನ್ನು ನಿರಿಗೆ ಹಿಡಿದ ಹಾಗೆ ಎಳೆದು, ಪುನಃ ಎಬ್ಬಿಸ್ತದೆ. ಈಗ ಆ ಪೊರೆ ಸುಲಿದು ತೆಗೆದಿದ್ದಾರೆ. ಇನ್ನೊಮ್ಮೆ ಬೆಳೆದ್ರೆ ಕಷ್ಟ ಅಂದಿದ್ದಾರೆ ಡಾಕ್ಟರ್."

ಪೊರೆಯ ಪರಿಚಯ ವಾರಿಜಾರಿಗೆ 2004ರಲ್ಲೇ ಆಯಿತು. ಠಾಣೆ ಪಟ್ಟಣದ ಒಂದು ಕ್ಯಾಂಟೀನಿನಲ್ಲಿ ಅಡುಗೆಗಿದ್ದ ಗಂಡ ದಯಾನಂದರ ಕಣ್ಣು ಹೀಗೆಯೇ ಹೋದದ್ದು. "ಒಂದು ಬೆಳಗ್ಗೆ ನನಗೆ ಜೊಂಪು ಹತ್ತಿತ್ತು. ಎದ್ದು ನೋಡುವಾಗ ಇವರು ಅಂಗಾತ. ಪೊರೆ ಅದರಿಂದ ಬಂದದ್ದಲ್ಲ ಅಂತ ಡಾಕ್ಟರ್ ನೂರು ಸಲ ಹೇಳಿದ್ರು. ಡಾಕ್ಟರ್‌ಗೆ ಗೊತ್ತಿರಬಹುದು. ನನಗೆ ಅಷ್ಟು ಗೊತ್ತಾಗುವುದಿಲ್ಲ," ಎನ್ನುತ್ತಾರೆ ವಾರಿಜಾ. ದಯಾನಂದ ಎದೆನೋವಿನಿಂದ ತೀರಿಹೋದ ಮೇಲೆ, ಆಸ್ಪತ್ರೆಯ ನರ್ಸೊಬ್ಬರು ಇವರನ್ನು ಬೇರೆಯವರ ಹಾಸಿಗೆಯ ಬಳಿ ಕೂರಿಸಿದರು. ಅಲ್ಲಿಂದ ಇತ್ತ ವಾರಿಜಾ ಜೊಂಪು ಹತ್ತದ ಹೆಂಗಸು. ಟಿಟ್ವಾಳಾದ ಒಂದು ಮನೆಯಲ್ಲಿ ಗೋಡೆಯ ಹಲ್ಲಿ ನಿದ್ದೆ ಹೋಗಿ ಕೆಳಗೆ ಬಿತ್ತಂತೆ, ಇವರು ಕಣ್ಣು ಮುಚ್ಚಲಿಲ್ಲವಂತೆ. ಹಲ್ಲಿಯನ್ನು ಕೇಳಲು ನಮಗೆ ಸಾಧ್ಯವಾಗಿಲ್ಲ.

ಈ ಕೆಲಸದ ತೊಂದರೆ ಒಂದೇ. ತಲೆಯೆತ್ತುವ ಅನುಮತಿ ಸಿಕ್ಕ ದಿನ ಆಸ್ಪತ್ರೆಯಿಂದಲೇ ಮನೆಯವರ ಫೋನ್ ಬರುತ್ತದೆ, ನಾಳೆಯಿಂದ ಬರುವುದು ಬೇಡ ಎಂದು. ಇಷ್ಟು ವರ್ಷದಲ್ಲಿ ವಾರಿಜಾ ಕಂಡದ್ದು ರೋಗಿಗಳ ಹಿಂದಲೆಗಳನ್ನು ಮಾತ್ರ. ರೋಗಿಗಳು ಕಂಡದ್ದು, ಕಂಡಿದ್ದರೆ, ಇವರ ಕಾಲುಗಳನ್ನು. ಮನೆಯವರು ಇವರ ಮುಖ ನೋಡುವುದಕ್ಕಿಂತ ಗಡಿಯಾರ ನೋಡುವುದೇ ಹೆಚ್ಚು.

"ಒಮ್ಮೆ ಕಲ್ಯಾಣ ಸ್ಟೇಷನ್ನಿನ ಬ್ರಿಜ್ಜಿನಲ್ಲಿ ಒಬ್ಬರ ಹಿಂದಲೆ ನೋಡಿದೆ. ಎರಡು ಸುಳಿ, ಬಲಗಿವಿಯ ಹಿಂದೆ ಮಚ್ಚೆ. ನನಗೆ ಎಷ್ಟು ಖುಷಿ! ಓಡಿಹೋಗಿ, 'ಕಣ್ಣು ಹೇಗುಂಟು?' ಅಂತ ಕೇಳಿದೆ. ಆ ಜನ ತಿರುಗಿ ನೋಡಿ, 'ಕೌನ್ ಹೋ ತುಮ್?', ಯಾರು ನೀನು ಅಂತ ಕೇಳಿ ಬ್ಯಾಗ್ ಎದೆಗೆ ಅವುಚಿಕೊಂಡ್ರು."

"ಆಮೇಲೆ?" ಎಂದು ಕೇಳಿದೆವು.

"ಆಮೇಲೆ ಎಂತ? ಅವರಿಗೂ ಲೋಕಲ್ ಟ್ರೈನ್ ಹಿಡಿಯಬೇಕಿತ್ತು."

ಮನೆ ಸೇರಿ ವಾರಿಜಾ ಹಗಲೆಲ್ಲ ಮಲಗುತ್ತಾರೆ. ಸಂಜೆ ಒಬ್ಬರಿಗೇ ಅನ್ನ, ಒಬ್ಬರಿಗೇ ಸಾರು. ಪಕ್ಕದ ಕೋಣೆಯವರು ಬಹಳ ದಿನ ಇವರ ಖೋಲಿ ಖಾಲಿ ಇದೆಯೆಂದೇ ತಿಳಿದು ಅದರ ಬಾಗಿಲಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಒಳಗಿದ್ದವರು ಬಟ್ಟೆ ಒಣಗುವವರೆಗೆ ಕಾದರು.

ಆ ಬೆಳಗಿನ ನಂತರ ಬಂದ ಶುಕ್ರವಾರ ಆಸ್ಪತ್ರೆಯಲ್ಲಿ ರಾಯರಿಗೆ ತಲೆಯೆತ್ತಲು ಹೇಳಿದರು. ಈ ಸಲ ವಾರಿಜಾರನ್ನು ಬಿಟ್ಟುಹೋಗಿರಲಿಲ್ಲ; ಅವರೂ ಜೊತೆಗೇ ಬರಬೇಕೆಂದು ರಾಯರದೇ ಹಟ. ಪರದೆ ಕೂತಿದೆ, ಹೊಸ ಪೊರೆ ಕಾಣುತ್ತಿಲ್ಲ, ಆದರೆ ಹಳೆಯದರ ಸುಕ್ಕು ಸ್ವಲ್ಪ ಉಳಿದಿದೆ, ನೆಟ್ಟಗಿರುವುದು ಸೊಟ್ಟ ಕಂಡೀತು ಎಂದರು ಡಾಕ್ಟರು.

ರಾಯರು ಹೊಸ ಕನ್ನಡಕ ಏರಿಸಿ ಸುತ್ತ ನೋಡಿದರು. "ಬಾಗಿಲು ಸೊಟ್ಟ. ಕಿಟಕಿ ಸೊಟ್ಟ." ಆಮೇಲೆ ವಾರಿಜಾರ ಕಡೆ ತಿರುಗಿ, ಹತ್ತಿರ ಬಂದು, ತುಂಬ ಹೊತ್ತು ನೋಡಿದರು. "ನಿನ್ನ ಮೂಗೂ ಸೊಟ್ಟ, ಮಾರಾಯ್ತಿ."

ಊರ್ಮಿಳಾ ಗಾಬರಿಯಿಂದ ಡಾಕ್ಟರ ಮುಖ ನೋಡಿದರು.

"ಬಾಗಿಲು ಕಿಟಕಿಯ ಸೊಟ್ಟ ನಿಮ್ಮ ಕಣ್ಣಿನದ್ದು, ರಾಯರೇ," ಎಂದರು ವಾರಿಜಾ. "ಮೂಗಿನ ಸೊಟ್ಟ ನನ್ನದೇ. ಸಣ್ಣದಿರುವಾಗ ಪೇರಳೆ ಮರದಿಂದ ಬಿದ್ದು ಮುರಿದದ್ದು."

ಲಿಫ್ಟಿನಲ್ಲಿ ಇಳಿಯುವಾಗ ವಾರಿಜಾ ಸೆರಗಿನ ತುದಿಯಿಂದ ಒಮ್ಮೆ ಮೂಗು ಒರೆಸಿಕೊಂಡರು. "ದಯಾನಂದರಿಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ," ಎಂದರು. "ಮೂಗು ಸೊಟ್ಟ ಅಂತ ಹೇಳಬೇಕಾದ್ರೆ ನನ್ನ ಮುಖ ನೋಡಬೇಕಲ್ಲ."