ಸುಡುವ ಊರಿನಲ್ಲಿ ಇದ್ದವರು

ಮೇಡಂ ಅವರ ಎಡಹುಬ್ಬು ಪೂರ್ತಿ ಬೆಳ್ಳಗಾಗಿತ್ತು, ಬಲಹುಬ್ಬು ಮಾತ್ರ ಇನ್ನೂ ಕಪ್ಪಗೇ ಇತ್ತು. ಹಾಗಾಗಿ ಸುಮ್ಮನೆ ನಿಂತಿದ್ದರೂ ಏನೋ ಕೇಳಲು ಹೊರಟವರಂತೆ ಕಾಣುತ್ತಿದ್ದರು. ಕೇಳುತ್ತಲೂ ಇದ್ದರು. ಹಲಸೂರಿನ ನಮ್ಮ ಶಾಲೆಯಲ್ಲಿ ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ಯಾವ ಯುದ್ಧದ ಪಾಠ ಬಂದರೂ ಗೆದ್ದ ರಾಜನ ಹೆಸರು ಬರೆಸಿ, ಸೀಮೆಸುಣ್ಣ ಕೆಳಗಿಟ್ಟು, "ಸರಿ, ಅವತ್ತು ಆ ಊರಲ್ಲಿ ಯಾರ ಮನೇಲಿ ಒಲೆ ಹಚ್ಚಿದ್ರು?" ಎನ್ನುವರು. ಪರೀಕ್ಷೆಗೆ ಬರದ ಪ್ರಶ್ನೆ. ಮಕ್ಕಳು ಮೊದಮೊದಲು ನಗುತ್ತಿದ್ದರು, ಆಮೇಲೆ ಪೈಪೋಟಿಯಲ್ಲಿ ಉತ್ತರ ಹೇಳುತ್ತಿದ್ದರು.

ನಾನು ರಾಯಚೂರಿನಿಂದ ಬಂದವಳು. ಜೋಗುಪಾಳ್ಯದ ಅವರ ಮನೆಯ ಮೇಲಿನ ಕೋಣೆಯಲ್ಲೇ ಬಾಡಿಗೆಗಿದ್ದೆ. ಅವರ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಮಗ ಸೈನ್ಯದಲ್ಲಿದ್ದ. ಮಗನ ವಿಷಯ ಶಾಲೆಯಲ್ಲಿ ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ನಾರ್ತ್ ಕಡೆ ಕೆಲಸ" ಎಂದು ಮಾತು ಮುಗಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಕಾಳಗ ಶುರುವಾಯಿತು. ಟಿವಿಯ ತುಂಬ ಡ್ರೋನು, ಕ್ಷಿಪಣಿ. ನಮ್ಮಲ್ಲೂ ಸೈರನ್ನಿನ ತಾಲೀಮು. ಮಗನ ಫೋನು ನಿಂತುಹೋಯಿತು. ಮೇಡಂ ಮೊಬೈಲನ್ನು ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡರು. ಬೆಳಿಗ್ಗೆ ನಾನು ಮೆಟ್ಟಿಲಿಳಿಯುವಾಗ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು. ಅದರಲ್ಲಿ ಒಂದು ಕಲ್ಲೂ ಇರುತ್ತಿರಲಿಲ್ಲ.

ಶಾಲೆಯಲ್ಲಿ ಬೇಸಿಗೆ ಶಿಬಿರ ನಡೆದಿತ್ತು. ಸಮಾರೋಪಕ್ಕೆ ಯುದ್ಧದ ನಾಟಕ ಆಗಲೇಬೇಕೆಂದು ಪೋಷಕರ ಒತ್ತಾಯ. ರಟ್ಟಿನ ಕ್ಷಿಪಣಿ ಹಾರಬೇಕು, ಶತ್ರುವಿನ ಊರು ಧಗಧಗ ಉರಿಯಬೇಕು, ಚಪ್ಪಾಳೆ ಬೀಳಬೇಕು. ಮೇಡಂ ಇಲ್ಲವೆನ್ನಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ಸುಡೋ ಊರಲ್ಲಿ ಯಾರ್ಯಾರಿದ್ರು?" ಎಂದು ಕೇಳಿದರು. "ನಾನು ಬನ್ ಮಾರೋಳು" ಎಂದಳು ಒಬ್ಬಳು. "ನಾನು ಜ್ವರ ಬಂದು ಮಲಗಿರೋನು" ಎಂದ ಇನ್ನೊಬ್ಬ. ಕ್ಷಿಪಣಿ ಬಿದ್ದ ಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ಎದ್ದು ತಾವು ಯಾರೆಂದು ಹೇಳುವುದೇ ನಾಟಕದ ಕೊನೆಯಾಯಿತು.

ಯಾರೋ ಅದನ್ನು ವಿಡಿಯೋ ಮಾಡಿ ಪೋಷಕರ ಗ್ರೂಪಿಗೆ ಹಾಕಿದರು. ಮರುದಿನ ಸ್ಟಾಫ್ ರೂಮಿಗೆ ಗುಂಪು ನುಗ್ಗಿತು.

"ಶತ್ರುಗಳನ್ನ ಅಯ್ಯೋ ಪಾಪ ಅನ್ನೋದ್ ಕಲಿಸ್ತಿದೀರಾ ಮಕ್ಕಳಿಗೆ?" ಎಂದು ಒಬ್ಬ ತಂದೆ ಮೇಜು ಗುದ್ದಿದ.

"ನಮ್ಮೋರು ಸೋಲ್ಲಿ ಅಂತ ನಾನ್ ಹೇಳಿಲ್ಲಪ್ಪ. ಅಲ್ಲೂ ಜನ ಇರ್ತಾರೆ ಅಂದೆ, ಅಷ್ಟೇ."

"ನಿಮ್ಮನೆ ಹುಡುಗ ಒಬ್ಬ ಬಾರ್ಡರಲ್ಲಿ ಇದ್ದಿದ್ರೆ ಹಿಂಗ್ ಮಾತಾಡ್ತಿರ್ಲಿಲ್ಲ!"

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಮೇಡಂ ನನ್ನ ಮುಂಗೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದರು. ಅದೇ ಕ್ಷಣಕ್ಕೆ ಅವರ ಕೊರಳಿನ ಚೀಲದಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವರ ಬೆರಳು ಎರಡು ಸಲ ಜಾರಿತು. ಕಿವಿಗಿಟ್ಟುಕೊಂಡು ಕೇಳಿದರು. ಸಾಲ ಬೇಕಾ ಎಂದು ವಿಚಾರಿಸುವ ಕರೆ. "ಬೇಡಮ್ಮ" ಎಂದು ಮೆಲ್ಲನೆ ಹೇಳಿ ಇಟ್ಟರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ತಮ್ಮ ಕೂಗಿಗೇ ಹೆದರಿದರೆಂದು ಗುಂಪು ಭಾವಿಸಿತು.

ಹೆಡ್ ಮಾಸ್ಟರು ಗೋಗರೆದರು: "ಮೇಡಂ, ತಪ್ಪಾಯ್ತು ಅಂತ ಒಂದ್ ಮಾತು ಅಂದ್ಬಿಡಿ."

"ತಪ್ಪು ಅನ್ಸಿದ್ರೆ ನಾನೇ ಅಂತಿದ್ದೆ ಸರ್" ಎಂದು ಬ್ಯಾಗು ತೆಗೆದುಕೊಂಡು ಹೊರಟರು. ಗೇಟಿನಲ್ಲಿ ಒಬ್ಬ ಬೈಕನ್ನು ಅಡ್ಡ ನಿಲ್ಲಿಸಿದ್ದ. ಮೇಡಂ ಬೈಯಲಿಲ್ಲ, ಬೇಡಲಿಲ್ಲ, ಬಿಸಿಲಿನಲ್ಲಿ ಸುಮ್ಮನೆ ನಿಂತರು. ಹಿಂದಿನಿಂದ ಬೈಗುಳ ಕೇಳುತ್ತಲೇ ಇತ್ತು. ಕೊನೆಗೆ ಅವನೇ ಬೈಕು ಸರಿಸಿದ.

ಮನೆಗೆ ಬಂದೊಡನೆ ನಾನು ರೇಗಿದೆ. "ಯಾಕ್ ಹೇಳ್ಲಿಲ್ರಿ ಮೇಡಂ? ಮಗ ಅಲ್ಲೇ ಇದ್ದಾನ ಅಂದಿದ್ರ ಎಲ್ಲಾರ ಬಾಯಿ ಮುಚ್ತಿತ್ತು."

"ಮುಚ್ತಿತ್ತು" ಎಂದರು. "ಆದ್ರೆ ಅವರು ಸುಮ್ನಾಗ್ತಿದ್ದಿದ್ದು ಅವನ ಯೂನಿಫಾರ್ಮ್ ನೋಡಿ. ನಾಳೆ ಮಗ ಇಲ್ದೇ ಇರೋಳು ಇದೇ ಮಾತಂದ್ರೆ? ಅವಳು ಏನ್ ತೋರಿಸ್ತಾಳೆ?"

ಕದನ ವಿರಾಮ ಘೋಷಣೆಯಾದ ಮರುದಿನ ಮಗನ ಕರೆ ಬಂತು. ಮೇಡಂ ಬರೀ ಹೂಂಗುಟ್ಟಿದರು. ಫೋನಿಟ್ಟ ಮೇಲೆ ಅಡುಗೆಮನೆಯ ನೆಲದಲ್ಲಿ ಕೂತು ತುಂಬ ಹೊತ್ತು ಅತ್ತರು. ಕಣ್ಣೊರೆಸಿಕೊಂಡು ನನ್ನನ್ನು ಕೇಳಿದರು: "ಆ ಕಡೆ ತಾಯಂದಿರಿಗೂ ಫೋನ್ ಬಂದಿರುತ್ತಾ?" ನನಗೆ ಸಿಟ್ಟು ಬಂತು. ಈ ಒಂದು ಗಳಿಗೆಯಾದರೂ ತಮ್ಮ ಮಗನೊಬ್ಬನಿಗಾಗಿ ಸಂತೋಷಪಡಬಾರದೇ ಎನಿಸಿತು. ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋದೆ.

ಜೂನ್‌ನಲ್ಲಿ ಶಾಲೆ ಅವರನ್ನು ಮತ್ತೆ ಕರೆಯಲಿಲ್ಲ. ಚಳಿಗಾಲದಲ್ಲಿ ಹೃದಯ ಕೈಕೊಟ್ಟು ತೀರಿಕೊಂಡರು. ಮಗ ರಜೆ ಹಾಕಿ ಬಂದು, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ತಾಯಿಯನ್ನು ಮಲಗಿಸಿ, ಪಕ್ಕದಲ್ಲಿ ಕೂತಿದ್ದ.

ಈ ವರ್ಷ ಸಮಾಜ ವಿಜ್ಞಾನದ ಕೆಲವು ಪಿರಿಯಡ್‌ಗಳು ನನ್ನ ಪಾಲಿಗೆ ಬಂದಿವೆ. ಮೊನ್ನೆ ಪೋಷಕರ ಸಭೆಯಲ್ಲಿ, ಯುದ್ಧದ ಪಾಠದಲ್ಲಿ ಆ ಒಲೆಯ ಪ್ರಶ್ನೆಯನ್ನು ಯಾಕೆ ಕೇಳುತ್ತೇನೆಂದು ನಾನು ಹೇಳುತ್ತಿದ್ದಾಗ ಒಬ್ಬರು ಎದ್ದು, "ಯುದ್ಧದ ಬಗ್ಗೆ ಇಷ್ಟೆಲ್ಲ ಹೇಳ್ತೀರಲ್ಲ ಮಿಸ್, ನಿಮ್ಮನೆಯವರು ಯಾರಾದ್ರೂ ಮಿಲಿಟ್ರಿಲಿದಾರಾ?" ಎಂದರು.

"ಯಾರೂ ಇಲ್ಲ" ಎಂದೆ. ಆಮೇಲೆ ಅರ್ಧಕ್ಕೆ ನಿಂತಿದ್ದ ಮಾತನ್ನು ಮುಂದುವರಿಸಿದೆ.